ಗೋಪುರದ ತುದಿಯ ಇಬ್ಬರು

ತಂಗಿ ಟೀ ಶರ್ಟನ್ನು ಮತ್ತೆ ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರು ಇನ್ನೂ ಕೆಂಪಗೇ ಇಳಿಯಿತು. ಕುತ್ತಿಗೆಯ ಪಟ್ಟಿಯಲ್ಲಿ ರಕ್ತ ನೂಲಿನೊಳಕ್ಕೆ ಇಳಿದು ಕೂತಿತ್ತು. ಸೋಪು ತಿಕ್ಕಿದಷ್ಟೂ ಕಲೆ ಅಗಲವಾಯಿತೇ ಹೊರತು ಹೋಗಲಿಲ್ಲ. ಎದೆಯ ಮೇಲಿನ ಚಿತ್ರ ಮಾತ್ರ ಕೆಟ್ಟಿರಲಿಲ್ಲ. ಚೌಕ ಚೌಕ ಚುಕ್ಕಿಗಳಲ್ಲಿ ಬಿಡಿಸಿದ ಗೋಪುರ, ಅದರ ತುದಿಯಲ್ಲಿ ಒಂದು ನೀಲಿ ಬೊಂಬೆ, ಒಂದು ಕೆಂಪು ಬೊಂಬೆ.

ಬಚ್ಚಲ ಬಾಗಿಲಲ್ಲಿ ಅತ್ತಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಿಡಿದು ನಿಂತಿದ್ದಳು.

“ಅದನ್ನ ಬಿಸಾಕು. ಇದನ್ನ ಹಾಕೋಣ.”

“ಅಣ್ಣನಿಗೆ ಇದೇ ಇಷ್ಟ ಇತ್ತು ಅತ್ತಿಗೆ.”

“ತಲೆ ನರೆತ ಮನುಷ್ಯ. ಮಕ್ಕಳಾಟದ ಬೊಂಬೆ ಹಾಕ್ಕೊಂಡು ಹೋಗ್ಬೇಕಾ?”

ಆ ಅಂಗಿಯ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು. ಒಮ್ಮೆ ಅದನ್ನು ನೆಲ ಒರೆಸಲು ಹಾಕಿದ್ದಳು. ಅಣ್ಣ ಅದನ್ನು ಎತ್ತಿಕೊಂಡು, ಒಗೆದು, ಒಣಗುವ ಮೊದಲೇ ತೊಟ್ಟುಕೊಂಡಿದ್ದ. ರಜೆ ಬಂದರೆ ಅದೇ. ಕೆಲಸದ ದಿನ ನೀಲಿ ಸಮವಸ್ತ್ರದ ಒಳಗೂ ಅದೇ. ನಿನ್ನೆಯೂ ಅದೇ ಇತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ನಿನ್ನೆ ಒಂದು ಕಟ್ಟಡದಲ್ಲಿ, ನಿಂತ ಲಿಫ್ಟಿನ ನೆತ್ತಿಯ ಮೇಲೆ ಕೂತು ಅಂಚಿನಾಚೆ ಬಗ್ಗಿ ಏನನ್ನೋ ಬಿಗಿಮಾಡುತ್ತಿದ್ದ. ಮೇಲೆ ಯಾರೋ ಗೊತ್ತಿಲ್ಲದೆ ಕರೆಂಟು ಹಾಕಿದರು. ಲಿಫ್ಟ್ ಮೇಲೇರಿತು, ಅದರ ಸರಿತೂಕದ ಕಬ್ಬಿಣ ಪಕ್ಕದಲ್ಲೇ ಕೆಳಗಿಳಿದು ಅವನ ತಲೆಗೆ ಬಡಿಯಿತು. ತಲೆ ಒಳಗೆಳೆದುಕೊಂಡಿದ್ದರೆ ಸಾಕಿತ್ತು.

ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಈಗ ನಡುಮನೆಯ ಗೋಡೆಗೊರಗಿ ಕೂತಿದ್ದ. ಬೆಳಗಿನಿಂದ ಬಂದವರಿಗೆಲ್ಲ ತಾನು ಕೂಗಿದ್ದನ್ನೇ ಹೇಳುತ್ತಿದ್ದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಯಾರೋ ತಂದಿಟ್ಟ ಚಹಾ ಅವನ ಮುಂದೆ ಕೆನೆಗಟ್ಟಿತ್ತು.

“ಗಂಟಲು ಹರಿಯೋ ಹಾಗೆ ಕೂಗಿದೆ ತಾಯಿ,” ಎಂದ ಅವನು ಅತ್ತಿಗೆಯನ್ನು ಕಂಡು. “ತಿರುಗಿ ನೋಡಲೇ ಇಲ್ಲ.”

“ಕೂಗಿದ್ರೆ ತಿರುಗದೆ ಇರೋಕೆ ಅವರೇನು ಕಲ್ಲಾ?” ಎಂದಳು ಅತ್ತಿಗೆ. “ನೀವು ಬೀಡಿ ಸೇದ್ತಾ ನಿಂತಿದ್ರಿ. ಅದನ್ನ ಹೇಳಿ.”

ತಂಗಿ ಹಸಿ ಅಂಗಿ ಹಿಡಿದುಕೊಂಡೇ ಹೊರಗೆ ಬಂದಳು. “ನೀವು ಯಾವ ಕಡೆ ನಿಂತಿದ್ರಿ?” ಎಂದು ಕೇಳಿದಳು.

ಅವನು ಒಂದು ಗಳಿಗೆ ಯೋಚಿಸಿ ತನ್ನ ಎಡಗೈ ಎತ್ತಿದ. “ಅವನ ಈ ಕಡೆ.”

* * *

ಅವರು ಚಿಕ್ಕವರಾಗಿದ್ದಾಗ ಓಣಿಯ ಕೊನೆಯ ವಿಡಿಯೋ ಗೇಮ್ ಅಂಗಡಿಗೆ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಅಣ್ಣ ಅವಳಿಗೆ ತನ್ನ ಅಂಗಿ ತೊಡಿಸಿ, ಜಡೆಯನ್ನು ಟೋಪಿಯೊಳಗೆ ತುರುಕಿ ಕರೆದೊಯ್ಯುತ್ತಿದ್ದ. ದನಿಯಲ್ಲಿ ಗುಟ್ಟು ಬಯಲಾದೀತೆಂದು, “ಇವನು ನಮ್ಮ ಚಿಕ್ಕಪ್ಪನ ಮಗ, ಮೂಗ,” ಎಂದು ಅಂಗಡಿಯವನಿಗೆ ಹೇಳಿದ್ದ. ಅವಳು ಗೆದ್ದರೂ ತುಟಿ ಕಚ್ಚಿಕೊಂಡೇ ಗೆಲ್ಲಬೇಕಿತ್ತು.

ಆ ಆಟದ ಗೋಪುರ ಒಬ್ಬರೇ ಹತ್ತುವಂಥದ್ದಲ್ಲ. ಒಬ್ಬರು ಬಗ್ಗಬೇಕು, ಇನ್ನೊಬ್ಬರು ಬೆನ್ನ ಮೇಲೆ ಕಾಲಿಟ್ಟು ಹಾರಬೇಕು. ಅಣ್ಣ ನೀಲಿ, ಅವಳು ಕೆಂಪು. ಬೇಸಿಗೆ ರಜೆಯೆಲ್ಲ ಅದರಲ್ಲೇ ಕಳೆಯಿತು. ಕೊನೆಗೊಂದು ದಿನ ತುದಿಯ ಮೆಟ್ಟಿಲು ಕಂಡಾಗ ಅವಳಿಗೆ ಎಲ್ಲ ಮರೆತುಹೋಯಿತು. “ಹಾರೋ ಅಣ್ಣಾ!” ಎಂದು ಕಿರುಚಿಬಿಟ್ಟಳು.

ಅಪ್ಪ ಆಗ ಓಣಿಯಲ್ಲೇ ಬರುತ್ತಿದ್ದ. ಮಗಳ ದನಿ ಅವನಿಗೆ ತಿಳಿಯದೆ ಇರುತ್ತದೆಯೇ? ಒಳಗೆ ನುಗ್ಗಿ ಅವಳ ಜಡೆಗೆ ಕೈ ಹಾಕಿದ. “ನಾನೇ ಕರ್ಕೊಂಡು ಬಂದೆ,” ಎಂದು ಅಣ್ಣ ನಡುವೆ ಬಂದ. ಅಪ್ಪನ ಬಲಗೈ ಬೀಸಿ ಅವನ ಕೆನ್ನೆ, ಕಿವಿ ಎರಡರ ಮೇಲೂ ಬಿತ್ತು. ಅವಳನ್ನು ಬೀದಿಗೆಳೆದುಕೊಂಡು ಹೋದ. ಆಟದ ಕೊನೆಯನ್ನು ಅವಳು ನೋಡಲಿಲ್ಲ.

ಬೆಳಗ್ಗೆ ಅಣ್ಣನ ದಿಂಬಿನ ಮೇಲೆ ರಕ್ತವಿತ್ತು. “ಎಡಗಿವೀಲಿ ಬರೀ ಗುಂಯ್ ಅಂತಿದೆ ಕಣೇ,” ಎಂದ. ಕೆಲವು ವಾರಕ್ಕೆ ಆ ಸದ್ದೂ ನಿಂತಿತು. ಅಪ್ಪನಿಗೆ ಹೇಳಬಾರದೆಂದು ಅವಳಿಂದ ಮೊದಲ ಸಲ ಆಣೆ ಹಾಕಿಸಿದ. ಮುಂದೆ ಕಂಪನಿಯ ಪರೀಕ್ಷೆಯಲ್ಲಿ ಡಾಕ್ಟರ ತುಟಿ ನೋಡಿ ಉತ್ತರ ಕೊಟ್ಟು ಕೆಲಸ ಗಿಟ್ಟಿಸಿದ ಮೇಲೆ, ಯಾರಿಗೂ ಹೇಳಬಾರದೆಂದು ಇನ್ನೊಮ್ಮೆ ಹಾಕಿಸಿದ.

“ಆಟದ ಕೊನೇಲಿ ಏನಿತ್ತೋ?” ಎಂದು ಅವಳು ಎಷ್ಟೋ ಸಲ ಕೇಳಿದ್ದಳು.

“ಇಬ್ರೂ ತುದೀಲಿ ನಿಂತಿದ್ರು. ನೀನೂ ಇದ್ದೆ.”

ಅವಳು ನಂಬಿರಲಿಲ್ಲ. ಮೊದಲ ಸಂಬಳದಲ್ಲಿ ಅವನು ತಾನು ಕಂಡದ್ದನ್ನು ಚೌಕಳಿ ಕಾಗದದ ಮೇಲೆ ಬಿಡಿಸಿ, ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಬಂದು ಅವಳ ಮುಂದೆ ನಿಂತ. ಆ ಅಂಗಿ ಹರಿದರೆ ಅದೇ ಕಾಗದ ಕೊಟ್ಟು ಇನ್ನೊಂದು ಮಾಡಿಸುತ್ತಿದ್ದ.

* * *

“ಅವರು ಕೂಗಿದ್ದು ನಿಜ ಅತ್ತಿಗೆ,” ಎಂದಳು ತಂಗಿ. “ಅಣ್ಣನಿಗೆ ಎಡಗಿವಿ ಕೇಳ್ತಿರಲಿಲ್ಲ. ಚಿಕ್ಕಂದಿನಿಂದಲೂ.”

ಹಿರಿಯ ಮೆಕ್ಯಾನಿಕ್ ತನ್ನ ಅಂಗೈಯನ್ನೇ ನೋಡುತ್ತ ಕೂತ. “ಯಾವಾಗಲೂ ನನ್ನ ಎಡಕ್ಕೇ ಬಂದು ನಡೀತಿದ್ದ,” ಎಂದ ಮೆಲ್ಲಗೆ. “ಅಭ್ಯಾಸ ಅಂದ್ಕೊಂಡಿದ್ದೆ.”

ಅತ್ತಿಗೆ ಮೊದಲು ನಂಬಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೆ ಗೊತ್ತಾಗದೆ ಇರುತ್ತದೆಯೇ ಎಂದಳು. ಹೇಳುತ್ತಿದ್ದಂತೆ ಅವಳ ಮಾತು ನಿಧಾನವಾಯಿತು. ಬಿಳಿ ಶರ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗೆ ಕೂತಳು.

“ಬಲಕ್ಕೆ ತಿರುಗಿ ಮಲಗ್ತಿದ್ರು,” ಎಂದಳು. “ಒಳ್ಳೆ ಕಿವಿ ದಿಂಬಿನಲ್ಲಿ. ನಾನು ಬೆನ್ನ ಹಿಂದಿನಿಂದ ಏನೇನೋ ಹೇಳ್ತಿದ್ದೆ. ಹೊಟ್ಟೇಲಿ ಮಗು ನಿಲ್ಲದೆ ಹೋದಾಗಲೂ ಹಾಗೇ ಹೇಳಿದ್ದು. ಹ್ಞೂಂ ಅನ್ನಲಿಲ್ಲ. ನಾನು ಬೇಡವಾದೆ ಅಂದ್ಕೊಂಡು ಹೇಳೋದೇ ಬಿಟ್ಟೆ.”

ತಂಗಿ ಅವಳ ಭುಜ ಮುಟ್ಟಲು ಹೋದಳು. ಅತ್ತಿಗೆ ಭುಜ ಸರಿಸಿದಳು.

“ನಿನಗೆ ಗೊತ್ತಿತ್ತು,” ಎಂದಳು. “ಹೇಳಬಹುದಿತ್ತು.”

ತಂಗಿ ಕೈ ಹಿಂದಕ್ಕೆಳೆದುಕೊಂಡಳು. ಅಂಗಿಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಡುತ್ತಿತ್ತು. ಬಹಳ ಹೊತ್ತಿನ ಮೇಲೆ ಅತ್ತಿಗೆ ಕೈ ಚಾಚಿ ಅದನ್ನು ಈಸಿಕೊಂಡಳು. ಹಿರಿಯ ಮೆಕ್ಯಾನಿಕ್ ಎದ್ದು ಬಂದು, ನಡುಮನೆಯಲ್ಲಿ ಮಲಗಿಸಿದ್ದ ಅಣ್ಣನ ಬ್ಯಾಂಡೇಜು ಸುತ್ತಿದ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಹಸಿ ಅಂಗಿ ತೊಡಿಸಲು ಮೂವರೂ ಹೆಣಗಬೇಕಾಯಿತು.

ಅಷ್ಟರಲ್ಲಿ ವಾಹನ ಬಂದು ಬಾಗಿಲಲ್ಲಿ ನಿಂತಿತು. ನಾಲ್ವರು ಗಂಡಸರು ಬಗ್ಗಿ ಸ್ಟ್ರೆಚರಿಗೆ ಕೈ ಕೊಟ್ಟರು.

“ಒಂದು ನಿಮಿಷ,” ಎಂದಳು ಅತ್ತಿಗೆ.

ಅವಳು ಅವನ ಕಾಲ ಕಡೆಯಿಂದ ಸುತ್ತಿ ಬಂದು ಬಲಗಡೆ ಕೂತಳು. ಕಿವಿಯ ಮೇಲಿನ ಬ್ಯಾಂಡೇಜನ್ನು ಬೆರಳಿನಿಂದ ಮೇಲಕ್ಕೆ ಸರಿಸಿ, ಬಾಯಿ ಹತ್ತಿರ ಒಯ್ದು ಮಾತಾಡತೊಡಗಿದಳು. ಏನೆಂದು ಯಾರಿಗೂ ಕೇಳಿಸಲಿಲ್ಲ. ಬಗ್ಗಿದವರು ಬಗ್ಗಿಯೇ ನಿಂತರು. ಹೊರಗೆ ಡ್ರೈವರ್ ಒಮ್ಮೆ ಒಳಗೆ ಇಣುಕಿ ನೋಡಿ, ಹೋಗಿ ಇಂಜಿನ್ ಆರಿಸಿದ. ಅವಳು ಇನ್ನೂ ಹೇಳುತ್ತಲೇ ಇದ್ದಳು.