ಬಾಗಿಲಿಗೆ ಅಂಟಿಸಿದ ಹೆಂಡತಿ

ಪ್ರೊಫೆಸರ್ ಆಗಲೇಬೇಕೆಂದು ಡಾಕ್ಟರ್ ನೆವೆನಾ ಒದ್ದಾಡುತ್ತಿದ್ದ ಕಾಲಕ್ಕೆ ಸರಿಯಾಗಿ ಲ್ಯೂಬೆನ್ ಅವಳ ಕೈಗೆ ಸಿಕ್ಕಿದ. ಪ್ಲೋವ್ದಿವ್ ಊರಲ್ಲಿ ಬಸ್ಸು ಓಡಿಸುತ್ತಿದ್ದವನು. ಮೆದುಳು ಜ್ವರ ಬಂದು, ಹಳೆಯದೆಲ್ಲ ಉಳಿದು, ಹೊಸದೊಂದೂ ತಲೆಯಲ್ಲಿ ನಿಲ್ಲದ ಹಾಗಾಗಿತ್ತು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಆದರೆ "ನನ್ ಹೆಂಡ್ತಿ ದೋಬ್ರಿಂಕಾ ಎಲ್ಲಿ?" ಅನ್ನುವುದು ಮಾತ್ರ ಬಾಯಿಂದ ಇಳಿಯದು.

ಅವನಿಗೆ ಜ್ವರ ಬಂದ ಮೇಲೆ ಅವಳು ಮುದುಕರ ಆರೈಕೆ ಕೆಲಸಕ್ಕೆಂದು ಇಟಲಿಗೆ ಹೋದವಳು, ಅಲ್ಲೇ ಒಬ್ಬನ ಜೊತೆ ಸಂಸಾರ ಹೂಡಿದ್ದಳು. ಹೇಳಿದಾಗಲೆಲ್ಲ ಅವನಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ.

"ಸತ್ತಳು ಅಂತ ಕಲಿಸಿಬಿಡಮ್ಮ," ಅಂದಳು ಅವನ ತಾಯಿ. "ಸತ್ತೋಳಿಗಾದ್ರೆ ಅತ್ತು ಸುಮ್ಮನಾಗ್ತಾನೆ. ಓಡಿಹೋದೋಳಿಗೆ ಸಮಾಧಾನ ಎಲ್ಲಿಂದ ತರೋದು?"

ನೆವೆನಾಳಿಗೆ ಬೇಕಾದದ್ದೂ ಅದೇ. ಅವಳ ವಿದ್ಯೆ ಇಷ್ಟೇ: ರೋಗಿಗೆ ಊಹಿಸಲು ಬಿಡಬಾರದು, ತಪ್ಪು ಬಾಯಿಗೆ ಬರುವ ಮೊದಲೇ ಉತ್ತರ ಕೊಟ್ಟು, ಹೇಳಿಸಿ ಹೇಳಿಸಿ ನಾಲಿಗೆಗೆ ರೂಢಿ ಮಾಡಬೇಕು. ಹಾಗೆ ಕಲಿತದ್ದನ್ನು ಇಂಥ ರೋಗಿಯೂ ಮರೆಯುವುದಿಲ್ಲ, ಮರೆಸಲೂ ಬರುವುದಿಲ್ಲ. ಆ ಊರಲ್ಲಿ ಯಾರೇ ಸತ್ತರೂ ಫೋಟೋ ಹಾಕಿಸಿ ಬಾಗಿಲಿಗೆ ಅಂಟಿಸುತ್ತಾರಲ್ಲ, ಅಂಥದೇ ಸಾವಿನ ಹಾಳೆಯೊಂದನ್ನು ದೋಬ್ರಿಂಕಾ ಹೆಸರಲ್ಲಿ ಅಚ್ಚು ಹಾಕಿಸಿ ಅವನ ಕೋಣೆಯ ಬಾಗಿಲಿಗೆ ಹಚ್ಚಿದಳು. ಥೂ, ಮನಸ್ಸಾದರೂ ಅಳುಕಬಾರದಿತ್ತೇ! ದಿನಾ ಪಾಠ: "ದೋಬ್ರಿಂಕಾ ತೀರಿಕೊಂಡಳು. ಹೇಳಿ." ಚಳಿಗಾಲ ಮುಗಿಯುವಷ್ಟರಲ್ಲಿ ಅವನು ಕೇಳುವುದನ್ನೇ ಬಿಟ್ಟ, ಹೊಟ್ಟೆ ತುಂಬ ಉಣ್ಣತೊಡಗಿದ. ಅದನ್ನೇ ಲೇಖನವಾಗಿ ಬರೆದು ನೆವೆನಾ ಪ್ರೊಫೆಸರ್ ಆದಳು.

ಮರುವರ್ಷ ದೋಬ್ರಿಂಕಾ ಬಂದಳು. ಇಟಲಿಯವನು ಕೈಕೊಟ್ಟಿದ್ದ. ಬಾಗಿಲಲ್ಲಿ ತನ್ನದೇ ಮುಖ ಕಂಡು ದಂಗಾಗಿ ನಿಂತವಳು, ಹಾಳೆಯನ್ನು ಪರ್ರನೆ ಕಿತ್ತು ನೆವೆನಾಳ ಮೇಜಿಗೆ ಎಸೆದಳು.

"ಏನ್ರೀ ಡಾಕ್ಟ್ರಮ್ಮ, ನನ್ನ ಮಣ್ಣಿಗೆ ನೀವೂ ಬಂದಿದ್ರಾ?"

"ಬಿಟ್ಟೋಗೋವಾಗ ಗಂಡ ನೆನಪಿರ್ಲಿಲ್ವಾ?"

"ತಪ್ಪಾಯ್ತು. ಅವನ ಕೈಲಿ ಬೈಸ್ಕೊಳ್ತೀನಿ, ಹೊಡೆಸ್ಕೊಳ್ತೀನಿ. ನಾನು ಬದುಕಿದೀನಿ ಅಂತ ಅವನಿಗೆ ಗೊತ್ತಾಗ್ಲಿ, ಸಾಕು. ಕಲಿಸಿದೋರು ನೀವು, ಬಿಡಿಸಿ."

ಬಿಡಿಸಲು ಬರುವುದಿಲ್ಲವೆಂದು ನೆವೆನಾ ತಾನೇ ಬರೆದು ಹೆಸರು ಮಾಡಿದ್ದಳು. ಇದರಿಂದ ಅದು ಇನ್ನೊಮ್ಮೆ ಖಾತ್ರಿಯಾದರೆ ಇನ್ನೊಂದು ಲೇಖನ. "ಬನ್ನಿ, ನೋಡೇಬಿಡೋಣ," ಅಂದಳು, ನಗುಮುಖದಲ್ಲೇ.

ವಾರಗಟ್ಟಲೆ ದೋಬ್ರಿಂಕಾ ಅವನೆದುರು ಕೂತಳು. ಸತ್ತವರ ಹೆಸರಲ್ಲಿ ಸಿಹಿ ಹಂಚುವ ಶನಿವಾರದ ದಿನ ತಾಯಿ ಬೇಯಿಸಿ ತಂದಿಟ್ಟ ಗೋಧಿಯ ತಟ್ಟೆ ಹಿಡಿದು, ಯಾರಿಗಾದರೂ ಕೊಡಲು ಅವನು ಕಾಯುತ್ತಿದ್ದ.

"ನಾನು ಕಣೋ, ಲ್ಯೂಬೆನ್! ನಿನ್ನ ದೋಬ್ರಿಂಕಾ!"

ಅವನು ಅವಳ ಮುಖವನ್ನೇ ನೋಡಿದ. "ಥೇಟ್ ಅವಳ ಹಾಗೇ ಇದ್ದೀರಿ. ಅವಳ ಅಕ್ಕನಾ? ದೋಬ್ರಿಂಕಾ ತೀರಿಕೊಂಡಳು. ತಗೊಳ್ಳಿ, ಅವಳ ಹೆಸರಲ್ಲಿ ಒಂದು ತುತ್ತು."

ತುತ್ತು ತಿಂದವರು ಸತ್ತವರನ್ನು ದೇವರು ಕ್ಷಮಿಸಲಿ ಅನ್ನಬೇಕು. ದೋಬ್ರಿಂಕಾ ತುತ್ತು ನುಂಗಿ ತಟ್ಟೆಯನ್ನು ಅವನತ್ತ ಸರಿಸಿದಳು.

"ಹೇಳಿ ಅಮ್ಮಾ, ಹೇಳದಿದ್ರೆ ಅವಳಿಗೆ ತಲುಪಲ್ಲ! ಹೇಳಿ!" ಅವನು ಎದ್ದು ಗೋಡೆಯ ಕಡೆ ಹೊರಟ. ನೆವೆನಾ ಕೂತಲ್ಲೇ ಕೂತು ಬರೆದುಕೊಳ್ಳುತ್ತಿದ್ದಳು. ದೋಬ್ರಿಂಕಾ ಓಡಿಹೋಗಿ ಅವನ ಹಣೆಗೆ ಕೈ ಅಡ್ಡ ಹಿಡಿದಳು.

"ದೇವರು ದೋಬ್ರಿಂಕಾನ ಕ್ಷಮಿಸ್ಲಿ," ಅಂದಳು.

ಅವನ ಉಸಿರು ಹದಕ್ಕೆ ಬಂತು. ತನ್ನ ಅಂಗಿಯ ತೋಳಿನಿಂದ ಅವಳ ಕಣ್ಣೊರೆಸಿದ.

"ಅಳಬೇಡಿ. ಅವಳು ಒಳ್ಳೆಯೋಳು. ಬದುಕಿರೋವರೆಗೂ ನನ್ನ ಬಿಟ್ಟು ಎಲ್ಲೂ ಹೋದೋಳಲ್ಲ."