ಮೂರನೇ ಡಬ್ಬಿ

ನಮ್ಮ ಸೀಸ-ಸತುವಿನ ಗಣಿಯಲ್ಲಿ ಮೇಲಿನ ಹಂತದ ಅದಿರು ಒಂದು ಕಿಂಡಿಯಿಂದ ಜಾರಿ ಕೆಳಗಿನ ಹಳಿಗಾಡಿಯ ಡಬ್ಬಿಗಳಿಗೆ ಬೀಳುತ್ತದೆ. ಆ ಕಿಂಡಿಗೆ ನಾವು ಬಾಯಿ ಎನ್ನುತ್ತೇವೆ. ದಪ್ಪ ಕಲ್ಲು ಅಡ್ಡ ಸಿಕ್ಕಿದರೆ ಬಾಯಿ ಕಟ್ಟುತ್ತದೆ. ಆಗ ಕೆಳಗೆ ಯಾರೂ ನಿಲ್ಲಬಾರದು, ಪಕ್ಕದ ಅಟ್ಟದಿಂದ ನೀರು ಹೊಡೆದು ಬಿಡಿಸಬೇಕು. ಅದಕ್ಕೆ ಒಂದು ಗಂಟೆಯಾದರೂ ಬೇಕು. ನಮ್ಮ ಮೇಸ್ತ್ರಿಗೆ ಅಷ್ಟು ಪುರುಸೊತ್ತಿಲ್ಲ. ತಿರುವಿನಾಚೆ ಸ್ಟೂಲಿನ ಮೇಲೆ ಕೂತು, ಕಿವಿಯಲ್ಲೇ ಕೆಲಸ ನೋಡಿಕೊಳ್ಳುವ ಆಸಾಮಿ ಅವನು. ಕಲ್ಲಿನ ಬಾಯಿ ಮುಚ್ಚಿತೋ, ಅವನ ಬಾಯಿ ತೆರೆಯಿತು: "ಕೆಳಗೆ ನಿಂತು ಚುಚ್ರೋ!"

ಹಾಗೆ ಚುಚ್ಚಲು ಹೋಗಿ ನನ್ನ ಭಾವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. 'ಯಾರೂ ಹೇಳದೆ ತಾನೇ ನುಗ್ಗಿದ' ಎಂದು ಮೇಸ್ತ್ರಿ ವರದಿ ಬರೆದ. ಗಣಿಯೂ ಭಾವನ ಕೈಬಿಟ್ಟಿತು. ದಿನಾ ಬೆಳಿಗ್ಗೆ ಅಕ್ಕ ಅವನ ಅಂಗಿಗೆ ಗುಂಡಿ ಹಾಕುವುದನ್ನು ನೋಡಿಯೇ ನಾನು ಇಂಜಿನ್ ಓಡಿಸಲು ಇಳಿಯುತ್ತಿದ್ದೆ.

ಕೊನೆಗೆ ಭಾವನ ಕೇಸಿನ ಮರುವಿಚಾರಣೆಗೆ ಕಂಪನಿಯ ದೊಡ್ಡಾಫೀಸಿನಿಂದ ತಪಾಸಣೆಯ ಮೇಡಂ ಬಂದರು. ಹೇಳಿದ್ದಕ್ಕಿಂತ ಎರಡು ಗಂಟೆ ಮುಂಚೆಯೇ, ಅದೂ ನನ್ನ ಇಂಜಿನ್‌ನಲ್ಲಿ.

"ದೀಪ ಆರಿಸಿ ನನ್ನ ಹಿಂದೆ ಕೂತ್ಕೊಳ್ಳಿ ಮೇಡಂ. ಉಸಿರೆತ್ತಬೇಡಿ," ಎಂದೆ.

ಎರಡು ಡಬ್ಬಿ ತುಂಬಿಸಿದೆ. ಮೂರನೆಯದು ಬರುವಷ್ಟರಲ್ಲಿ ಬಾಯಿಯ ಬಾಗಿಲು ಇಳಿಸಿ, ಇಂಜಿನ್ ನಿಲ್ಲಿಸಿ ಸುಮ್ಮನಾದೆ. ಯಾವ ಕಲ್ಲೂ ಸಿಕ್ಕಿರಲಿಲ್ಲ.

"ಯಾಕೋ ಸದ್ದಿಲ್ಲ?" ತಿರುವಿನಾಚೆಯಿಂದ ಮೇಸ್ತ್ರಿ.

"ನೀರು ಹೊಡೀಲಾ ಮೇಸ್ತ್ರಿ?"

"ನೀರಂತೆ ನೀರು! ಗಿಡ ಬೆಳೆಸ್ತಿದೀಯಾ? ಸಲಾಕೆ ತಗೊಂಡು ಕೆಳಗೆ ನಿಂತು ಚುಚ್ಚು!"

"ನಮ್ ಭಾವಂಗೂ ಹೀಗೇ ಹೇಳಿದ್ರಲ್ವಾ?"

"ಹೇಳಿದ್ದೆ ಕಣೋ, ಏನೀಗ? ಅವನಿಗೊಂದು ಕೈ ಉಳೀತಲ್ಲ, ನಿಂಗೂ ಒಂದು ಉಳಿಯುತ್ತೆ. ನುಗ್ಗು!"

ನನ್ನ ಬೆನ್ನ ಹಿಂದೆ ದೀಪ ಹತ್ತಿತು.

"ಇನ್ನೊಂದ್ಸಲ ಹೇಳಿ ಮೇಸ್ತ್ರಿ," ಎಂದರು ಮೇಡಂ, "ಬರ್ಕೊಳ್ತಾ ಇದೀನಿ."

ಓಡಿ ಬಂದ ಮೇಸ್ತ್ರಿಯ ಬಾಯಿ ಕಟ್ಟಿತ್ತು. ನಾನು ಮರ್ಯಾದೆಯಿಂದ ಸಲಾಕೆ ಚಾಚಿದೆ. ತಗೊಳ್ಳಲಿಲ್ಲ. ಮೇಡಂ ಪೆನ್ನು ಚಾಚಿದರು, ತಗೊಂಡ. ಡಬ್ಬಿಯ ಅಂಚಿನ ಮೇಲೆ ಕಾಗದವಿಟ್ಟು, 'ನಾನೇ ಕಳಿಸಿದ್ದೆ' ಎಂದು ತನ್ನ ಕೈಯಾರೆ ಬರೆದ. ಭಾವ ಎಡಗೈಯಲ್ಲಿ ಬರೆದರೂ ಅದಕ್ಕಿಂತ ದುಂಡಗೆ ಬರುತ್ತಿತ್ತು.

"ನಿಮ್ಮ ಭಾವಂಗೆ ಸೋಮವಾರ ಬರೋಕೆ ಹೇಳಿ," ಎಂದರು ಮೇಡಂ. "ಮೇಲೆ ತಲೆದೀಪ ಕೊಡೋ ಕೋಣೆಲಿ ಕೆಲಸ ಇದೆ."

ಹೊರಡುವಾಗ ಮೇಸ್ತ್ರಿ ಹತ್ತಿರ ಬಂದ. "ತಮ್ಮಾ, ನಂಗೂ ಒಂಚೂರು ಜಾಗ..."

ತಮ್ಮನಂತೆ!

"ಅದಿರಿನ ಗಾಡೀಲಿ ಇರೋದು ಎರಡೇ ಸೀಟು, ಡಬ್ಬಿ ಮೇಲೆ ಜನ ಕೂರಬಾರ್ದು. ಬೋರ್ಡ್ ಹಾಕ್ಸಿದ್ದು ನೀವೇ ಅಲ್ವಾ ಅಣ್ಣಾ?"

ಲಿಫ್ಟಿಗೆ ಎರಡೂವರೆ ಕಿಲೋಮೀಟರು ನಡಿಗೆ, ಹಳಿಯ ಪಕ್ಕ ಮೊಣಕಾಲುದ್ದ ಕೆಸರು. ನಾನು ಬೇಕೆಂದೇ ನಿಧಾನ ಓಡಿಸಿದೆ, ಹಿಂದಿನ ಕೆಂಪು ದೀಪ ದಾರಿಯುದ್ದಕ್ಕೂ ಅವನ ಕಣ್ಣಿಗೆ ಚುಚ್ಚುತ್ತಿರಲಿ ಎಂದು.