ಏನದು ಎಂದು ಕೇಳದವಳು

ಓಟಗಾರರ ಊರಾದ ಇಟೆನ್‌ನ ಕೆಂಪು ಮಣ್ಣಿನ ದಾರಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಂಬತ್ತು ಹುಡುಗಿಯರ ಉಸಿರು ಒಂದೇ ಪ್ರಾಣಿಯ ಉಸಿರಿನಂತೆ ಕೇಳುತ್ತಿತ್ತು. ಜೆಮುತಾಯಿಗೆ ಅಂದು ಕಾಲುಗಳು ತನ್ನವೇ ಅಲ್ಲ ಅನಿಸಿತು. ನೆಲ ತಾನಾಗಿ ಹಿಂದಕ್ಕೆ ಜಾರುತ್ತಿತ್ತು, ಕಣಿವೆಯಿಂದೆದ್ದ ಮೋಡ ಅವಳನ್ನು ಎತ್ತಿಕೊಂಡು ಹೋಗುತ್ತಿತ್ತು. ಮೂರು ವರ್ಷ ಯಾರ ಬೆನ್ನು ನೋಡುತ್ತ ಓಡಿದ್ದಳೋ, ತಂಡದ ಹಿರಿಯಳಾದ ಆ ಜೆಪ್‌ಚುಂಬಾಳನ್ನೇ ದಿಬ್ಬದಲ್ಲಿ ಹಿಂದೆ ಹಾಕಿದಳು.

"ಏನೇ, ರೆಕ್ಕೆ ಬಂತಾ ನಿಂಗೆ?" ಚಹಾ ಕುಡಿಯುವಾಗ ಜೆಪ್‌ಚುಂಬಾ ಕೆಣಕಿದಳು. "ಡಾಕ್ಟ್ರ ಕೈಗುಣ!"

ಎಲ್ಲರೂ ನಕ್ಕರು. ಡಾಕ್ಟ್ರೆಂದರೆ ಪೇಟೆಯ ಔಷಧಿ ಅಂಗಡಿಯ ತಾರುಸ್. ಮಂಡಿನೋವೆಂದು ಹೋದ ಜೆಮುತಾಯಿಗೆ ಮೂರು ವಾರದಿಂದ ಸೂಜಿ ಚುಚ್ಚುತ್ತಿದ್ದ. ಏನದು ಎಂದು ಅವಳು ಕೇಳಿರಲಿಲ್ಲ. ಕಳಿಸಿದ್ದು ಜೆಪ್‌ಚುಂಬಾ, ತಂಡದವರೆಲ್ಲ ಒಟ್ಟಿಗಿದ್ದ ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಆ ವಾರವೇ ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದರು. ಮೂತ್ರದ ಸೀಸೆಗೆ ಮುದ್ರೆ ಬಿತ್ತು. ಫಾರಂನಲ್ಲಿ, ಇತ್ತೀಚೆಗೆ ತೆಗೆದುಕೊಂಡ ಔಷಧಿ ಎಂಬಲ್ಲಿ ಜೆಮುತಾಯಿಯ ಪೆನ್ನು ನಿಂತಿತು.

"ವಿಟಮಿನ್ ಅಂತ ಬರಿ," ಜೆಪ್‌ಚುಂಬಾ ಪಿಸುಗುಟ್ಟಿದಳು. "ನೀನು ಬಾಯಿಬಿಟ್ರೆ ಎಲ್ಲರ ಬಾಯಿಗೂ ಮಣ್ಣು."

ಜೆಮುತಾಯಿಗೆ ಆ ದಿಬ್ಬ ನೆನಪಾಯಿತು. ಅಂದು ಹಾರಿದ್ದು ಯಾರು? 'ಸೂಜಿ. ಯಾವುದೆಂದು ಗೊತ್ತಿಲ್ಲ' ಎಂದು ಬರೆದಳು.

ಸೀಸೆಯಲ್ಲಿ ನಿಷೇಧಿತ ಮದ್ದು ಪತ್ತೆಯಾಯಿತು. ವಿಚಾರಣೆಯಲ್ಲಿ ಅಧಿಕಾರಿ ಕೇಳಿದ, "ಅಂಗಡಿಯವನು ಮೋಸ ಮಾಡಿದ್ನಾ?"

"ಅವನು ಹೇಳ್ಲಿಲ್ಲ, ನಿಜ. ನಾನೂ ಕೇಳ್ಲಿಲ್ಲವಲ್ಲ ಸಾರ್."

ಮೂರು ವರ್ಷ ನಿಷೇಧ. ಕಳಿಸಿದವಳ ಹೆಸರನ್ನು ಅವಳು ಹೇಳಲಿಲ್ಲ. ತಾಯಿಯ ಮನೆಗೆ ಮರಳಿ, ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಒಬ್ಬಳೇ ಓಡತೊಡಗಿದಳು. ದಿನವೂ ಬೆಳಿಗ್ಗೆ ತಂಡ ಬೇಲಿಯಾಚೆ ಕನಸಿನಲ್ಲಿ ಕಂಡವರಂತೆ ಹಾದುಹೋಗುತ್ತಿತ್ತು. ಯಾರೂ ತಲೆಯೆತ್ತುತ್ತಿರಲಿಲ್ಲ. ಅವಳ ಕಾಲುಗಳು ಭಾರವಾಗಿದ್ದವು, ಮಂಡಿ ನೋಯುತ್ತಿತ್ತು. ಆದರೆ ನೋವು ಅವಳದೇ ಆಗಿತ್ತು.

ಮಳೆಗಾಲ ಕಳೆದ ಮೇಲೆ ಒಂದು ದಿನ ತಂಡ ಮುಂದೆ ಹೋಯಿತು, ಜೆಪ್‌ಚುಂಬಾ ನಿಂತಳು. ಬೇಲಿಯ ಗೂಟ ಹಿಡಿದುಕೊಂಡಳು.

"ನಮ್ ತಂಡದ ಚಿಕ್ಕವಳು ಚೆಲಿಮೊ ಮಂಡಿನೋವು ಅಂದ್ಲು ಕಣೇ. ಡಾಕ್ಟ್ರ ಹತ್ರ ಹೋಗು ಅನ್ನೋಕೆ ಬಾಯಿ ತೆರೆದೆ. ಮಾತೇ ಹೊರಡ್ಲಿಲ್ಲ."

"ಆಮೇಲೆ?"

"ನಿದ್ದೆ ಬಂದಿಲ್ಲ." ಕಣ್ಣೊರೆಸಿಕೊಂಡಳು. "ನೀನು ಹೋಗಿದ್ದೆಯಲ್ಲ, ಆ ಆಫೀಸು... ಎಲ್ಲಾ ಹೇಳ್ಬಿಡ್ತೀನಿ. ನಂದೂ ಓಟ ಮುಗೀತದೆ, ಗೊತ್ತು. ಒಬ್ಬಳೇ ಹೋಗೋಕೆ ಭಯ."

ಜೆಮುತಾಯಿ ಬೇಲಿ ದಾಟಿದಳು. ಇಬ್ಬರೂ ಪೇಟೆಗೆ ಹೋಗುವ ಮತಾಟು ವ್ಯಾನು ನಿಲ್ಲುವ ಕಡೆಗೆ ಹೊರಟರು, ನಿಧಾನವಾಗಿ ನಡೆದುಕೊಂಡೇ.